ಖಾಲಿ ತೋಟಾ ತೊಳೆಯುವುದು: ಒಣ ಪುಡಿ ಬಿಟ್ಟು ನೀರಿಗೆ ಬಂದ ನನ್ನ ಅನುಭವ

ಮಗಳ ಸೈಕಲ್ ಸೀಟಿನ ಮೇಲೆ ಬೂದು ಬಣ್ಣದ ಧೂಳು ಕೂತಿತ್ತು. ಬೆರಳಲ್ಲಿ ಒರೆಸಿ ನೋಡಿದೆ, ಮುಖದ ಪೌಡರಿನಷ್ಟು ನುಣುಪು. ಎಲ್ಲಿಂದ ಬಂತು ಅಂತ ಹುಡುಕಬೇಕಾಗಿರಲಿಲ್ಲ. ಅದೇ ಗ್ಯಾರೇಜಿನಲ್ಲಿ, ಸೈಕಲ್ಲಿಗೆ ಆರಡಿ ದೂರದಲ್ಲಿ, ಖಾಲಿ ತೋಟಾ ಶುಚಿ ಮಾಡುವ ನನ್ನ ಟಂಬ್ಲರ್ ಮೆಷಿನ್ ಗರ್ರ್ ಅಂತ ಓಡುತ್ತಿತ್ತು.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ರಜೆಯ ದಿನ ಶೂಟಿಂಗ್ ರೇಂಜಿಗೆ ಹೋಗಿ ಬಂದೂಕಿನಲ್ಲಿ ಗುರಿ ಹೊಡೆಯುವುದು ನನ್ನ ಹವ್ಯಾಸ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೇಸುಗಳನ್ನು, ಅಂದರೆ ತೋಟಾದ ಖಾಲಿ ಕೊಳವೆಗಳನ್ನು, ಆರಿಸಿ ತಂದು, ತೊಳೆದು, ಅಳತೆಗೆ ತಂದು, ಮದ್ದು ಬುಲೆಟ್ ಮತ್ತೆ ತುಂಬುವುದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಸ್ವಂತ ಬಳಕೆಗೆ ಮಾಡಿಕೊಳ್ಳಲು ಇಲ್ಲಿ ಲೈಸೆನ್ಸ್ ಬೇಡ. ನಮ್ಮೂರಲ್ಲಿ ಹಾಗಲ್ಲ, ಲೈಸೆನ್ಸ್ ಇಲ್ಲದೆ ಇದಕ್ಕೆ ಕೈ ಹಾಕುವ ಹಾಗಿಲ್ಲ. ನಾನು ತುಂಬುವುದು ಪಿಸ್ತೂಲಿನ 9 ಎಂಎಂ ಮತ್ತು ರೈಫಲ್ಲಿನ .223, ಈ ಎರಡು ಅಳತೆಯ ತೋಟಾ ಮಾತ್ರ.

ಕೇಸು ಹೊಳೆಯಬೇಕು ಅನ್ನುವ ಆಸೆ ಮೊದಮೊದಲು ನನಗೂ ಇತ್ತು. ನಿಜವಾಗಿ ತೊಳೆಯಬೇಕಾದ ಕಾರಣ ಬೇರೆ. ಕೇಸಿಗೆ ಅಂಟಿದ ಒಂದು ಮರಳಿನ ಕಣ ಸಾಕು, ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚಿನ (ಸೈಜಿಂಗ್ ಡೈ) ಒಳಗೆ ಗೀರು ಬೀಳುತ್ತದೆ. ಆ ಗೀರು ಆಮೇಲೆ ಬರುವ ಎಲ್ಲ ಕೇಸಿನ ಮೇಲೂ ಮೂಡುತ್ತದೆ. ಮಸಿ ಹಿಡಿದ ಕೇಸಿನಲ್ಲಿ ಬಿರುಕೂ ಕಾಣುವುದಿಲ್ಲ. ಮರಳು ಹೋಗಿ, ಬಿರುಕು ಇದ್ದರೆ ಕಾಣುವಷ್ಟು ಶುಚಿಯಾದರೆ ನನಗೆ ಸಾಕು.

ಶುರುವಿಗೆ ಎಲ್ಲರ ಹಾಗೆ ವೈಬ್ರೇಟರಿ ಟಂಬ್ಲರ್ ತಂದೆ. ಒಂದು ದುಂಡು ಬೋಗುಣಿ, ಅದರ ತುಂಬ ಅಕ್ರೋಟ್ ಚಿಪ್ಪಿನ ಪುಡಿ ಅಥವಾ ಮೆಕ್ಕೆಜೋಳದ ದಿಂಡಿನ ಪುಡಿ. ಚಿಪ್ಪಿನ ಪುಡಿ ಗಟ್ಟಿ, ಕೊಳೆ ಬೇಗ ಬಿಡಿಸುತ್ತದೆ. ದಿಂಡಿನ ಪುಡಿ ಮೆತ್ತಗೆ, ಹೊಳಪು ಜಾಸ್ತಿ. ಎರಡು ಮೂರು ಗಂಟೆ ಅಲುಗಾಡಿಸಿದರೆ ಕೆಲಸ ಮುಗಿಯಿತು. ಒಣಗಿಸುವ ತಾಪತ್ರಯ ಇಲ್ಲ. ಎರಡು ವರ್ಷ ಅದರಲ್ಲೇ ಖುಷಿಯಾಗಿದ್ದೆ.

ತೊಂದರೆ ಇರುವುದು ಧೂಳಿನಲ್ಲಿ. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿಗೆ ಪ್ರೈಮರ್ ಅನ್ನುತ್ತಾರೆ; ಸಾಮಾನ್ಯ ಪ್ರೈಮರಿನ ಮದ್ದಿನಲ್ಲಿ ಸೀಸ ಇರುತ್ತದೆ. ಹೊಡೆದಾಗ ಅದರ ಮಸಿ ಕೇಸಿನ ಒಳಗೆ ಅಂಟುತ್ತದೆ, ಅಲ್ಲಿಂದ ಪುಡಿಗೆ ಬರುತ್ತದೆ. ಪುಡಿ ಜರಡಿ ಹಿಡಿದಾಗ ಗಾಳಿಗೆ ಏಳುತ್ತದೆ. ಇಲ್ಲಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಕಂಡರೂ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಅಷ್ಟು ಸ್ವಲ್ಪ. ಟಂಬ್ಲರಿಗೆ ಮುಚ್ಚಳ ಹಾಕಿ ಓಡಿಸಬಹುದು, ಬಟ್ಟೆ ಒಣಗಿಸುವ ಮೆಷಿನ್ನಿಗೆ ಹಾಕುವ ಹಾಳೆಯನ್ನು ಹರಿದು ಪುಡಿಯಲ್ಲಿ ಬೆರೆಸಿದರೆ ಧೂಳು ಅದಕ್ಕೆ ಅಂಟುತ್ತದೆ. ನಾನು ಎರಡೂ ಮಾಡಿದ್ದೆ. ಆದರೂ ಸೈಕಲ್ ಸೀಟಿನ ಮೇಲೆ ಧೂಳು ಬಂದಿತ್ತಲ್ವಾ? ಅವತ್ತೇ ಅದನ್ನು ನಿಲ್ಲಿಸಿದೆ.

ಶಬ್ದದ ಅಲೆಗಳಿಂದ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್ ಗೆಳೆಯರೊಬ್ಬರ ಬಳಿ ಇತ್ತು, ಒಂದು ಸಲ ನೋಡಿದೆ. ಒಳಗೆ ಚೆನ್ನಾಗಿ ತೊಳೆಯುತ್ತದೆ. ಆದರೆ ಒಂದು ಸಲಕ್ಕೆ ಹಿಡಿಸುವುದು ಕಮ್ಮಿ. ನನಗೆ ಹೊಂದಲಿಲ್ಲ.

ಆಮೇಲೆ ತಂದಿದ್ದು ನೀರು ಹಾಕಿ ತಿರುಗಿಸುವ ಡ್ರಮ್, ಜೊತೆಗೆ ಸ್ಟೀಲ್ ಪಿನ್. ಒಂದೊಂದು ಪಿನ್ ಸುಮಾರು 1.2 ಮಿಲಿಮೀಟರ್ ದಪ್ಪ, 6.5 ಮಿಲಿಮೀಟರ್ ಉದ್ದ. ಮೊದಲ ಸಲ ಡ್ರಮ್ ಬಿಚ್ಚಿದಾಗ ಕಣ್ಣು ಕೋರೈಸಿತು. ಹಳೆ ಪ್ರೈಮರ್ ಮೊದಲೇ ತೆಗೆದಿದ್ದರಿಂದ ಅದು ಕೂರುವ ಗುಳಿಯೂ ಹೊಸದರ ಹಾಗೆ ಆಗಿತ್ತು. ಆದರೆ ತುಂಬುವ ಮುಂಚೆ ಟಾರ್ಚ್ ಬಿಟ್ಟು ನೋಡುವಾಗ ಒಂದು .223 ಕೇಸಿನ ಕತ್ತಿನಲ್ಲಿ ಪಿನ್ ಓರೆಯಾಗಿ ಸಿಕ್ಕಿಕೊಂಡಿತ್ತು. ತಲೆಕೆಳಗೆ ಮಾಡಿ ಕುಟ್ಟಿದರೂ ಬೀಳಲಿಲ್ಲ. ಇಕ್ಕಳದಲ್ಲಿ ಎಳೆದು ತೆಗೆದೆ. ನೋಡದೆ ತುಂಬಿದ್ದರೆ? ಆ ಸ್ಟೀಲ್ ತುಂಡು ಬ್ಯಾರೆಲ್ ಒಳಗೇ ಹೋಗುತ್ತಿತ್ತು. ಇನ್ನೊಂದು ವಿಷಯ: ನಾಲ್ಕು ಗಂಟೆ ತಿರುಗಿಸಿದಾಗ ಕೇಸಿನ ಬಾಯಿ ಒಂದಕ್ಕೊಂದು ಬಡಿದು ಅಂಚು ದಪ್ಪಗಾಗಿತ್ತು. ಕತ್ತಿನ ಒಳಗಿನ ಮಸಿಯೂ ಪೂರ್ತಿ ಹೋಗಿದ್ದರಿಂದ ಬುಲೆಟ್ ಕೂರಿಸುವಾಗ ಕೈಗೆ ಬಿಗಿ ಗೊತ್ತಾಗುತ್ತಿತ್ತು.

ಹಾಗಾಗಿ ಪಿನ್ನುಗಳನ್ನು ಡಬ್ಬಕ್ಕೆ ಹಾಕಿಟ್ಟೆ. ಈಗ ಬರೀ ನೀರು. ಡ್ರಮ್ಮಿನಲ್ಲಿ ಕೇಸು, ಅದು ಮುಳುಗುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸ್ವಲ್ಪ, ಒಂದು 9 ಎಂಎಂ ಕೇಸಿನ ತುಂಬ ಸಿಟ್ರಿಕ್ ಆಸಿಡ್. ಒಂದೂವರೆ ಗಂಟೆ ಸಾಕು. ಪ್ರೈಮರ್ ಗುಳಿ ಅಷ್ಟು ಶುಚಿ ಆಗುವುದಿಲ್ಲ, ಆಗದಿದ್ದರೂ ನನ್ನ ಗುರಿಯಲ್ಲಿ ವ್ಯತ್ಯಾಸ ಕಂಡಿಲ್ಲ.

ಸಿಟ್ರಿಕ್ ಆಸಿಡ್ ಅಂದರೆ ನಮಗೆ ಹೊಸದೇನಲ್ಲ. ಅಜ್ಜಿ ಹಬ್ಬದ ಹಿಂದಿನ ದಿನ ಹಿತ್ತಲ ಕಲ್ಲಿನ ಮೇಲೆ ಕೂತು ದೀಪದ ಕಂಬಗಳಿಗೆ ಹುಣಸೆಹಣ್ಣು ತಿಕ್ಕುತ್ತಿದ್ದರು. ಅದೂ ಹುಳಿಯ ಕೆಲಸವೇ. ಹುಳಿ ಹಚ್ಚಿ ಜಾಸ್ತಿ ಹೊತ್ತು ಬಿಟ್ಟರೆ ಬೈಯುತ್ತಿದ್ದರು, ಹಿತ್ತಾಳೆ ಕೆಂಪಾಗುತ್ತದೆ ಅಂತ. ತೋಟಾದ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಹುಳಿ ಹೆಚ್ಚಾದರೆ ಮೇಲ್ಮೈಯಲ್ಲಿ ಸತು ಬಿಟ್ಟು ತಾಮ್ರದ ಗುಲಾಬಿ ಬಣ್ಣ ಕಾಣುತ್ತದೆ. ನಾನೂ ಒಂದು ಸಲ ಎರಡು ಚಮಚ ಸುರಿದು ಐವತ್ತು ಕೇಸು ಹಾಗೆ ಮಾಡಿಕೊಂಡೆ. ಅವನ್ನು ಮತ್ತೆ ತುಂಬಲು ಮನಸ್ಸಾಗಲಿಲ್ಲ, ಗುಜರಿಗೆ ಹಾಕಿದೆ.

ಅಮೋನಿಯಾ ಇರುವ ಪಾಲಿಷ್ ಮಾತ್ರ ಹತ್ತಿರ ಸೇರಿಸಬೇಡಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯದಲ್ಲಿ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತೇವದ ಗಾಳಿ, ಕೇಸು ಮಾಡುವಾಗ ಹಿತ್ತಾಳೆಯಲ್ಲಿ ಉಳಿದುಹೋದ ಬಿಗಿ, ಮೂರೂ ಸೇರಿ ಆಗುತ್ತಿದ್ದ ಹಾನಿ ಅದು. ಕಾರಣ ವಿವರವಾಗಿ ಗೊತ್ತಾಗಿದ್ದು 1921ರಲ್ಲಿ.

ತೊಳೆದ ನೀರು ಕಪ್ಪಗೆ ಇರುತ್ತದೆ, ಅದರಲ್ಲೂ ಸೀಸ ಇದೆ. ಅಡುಗೆಮನೆ ಸಿಂಕಿಗೆ ಒಯ್ಯುವುದೇ ಇಲ್ಲ. ಮುಚ್ಚಿದ ಬಕೆಟ್ಟಿನಲ್ಲಿ ಕೂಡಿಟ್ಟು, ಅಪಾಯದ ಕಸ ತೆಗೆದುಕೊಳ್ಳುವ ಕಡೆ ಕೊಡುತ್ತೇನೆ. ಒಣಗಿಸಲು ಬಿಸಿಲು ಸಾಕು. ಜೂನಿನಲ್ಲಿ ಹಳೆ ಟವೆಲ್ ಮೇಲೆ ಹರಡಿದರೆ ಮಧ್ಯಾಹ್ನದೊಳಗೆ ಒಣಗಿರುತ್ತದೆ. ಒಣಗಿದ .223 ಕೇಸಿನೊಳಗೆ ತುದಿ ಬಗ್ಗಿಸಿದ ಪೇಪರ್ ಕ್ಲಿಪ್ ಇಳಿಸಿ, ಬುಡದ ಹತ್ತಿರ ಗೋಡೆಗುಂಟ ಎಳೆಯುತ್ತೇನೆ. ತುದಿ ಎಲ್ಲಾದರೂ ತಡೆದರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ ಅಂತ ಅರ್ಥ. ಆ ಕೇಸು ನೇರ ಗುಜರಿಗೆ.

ಹಳೆ ವೈಬ್ರೇಟರಿ ಟಂಬ್ಲರ್ ಮಾರಲಿಲ್ಲ. ಅದೀಗ ಹಿತ್ತಲ ಶೆಡ್ಡಿನಲ್ಲಿದೆ. ಸೈಜ್ ಮಾಡುವಾಗ .223 ಕೇಸಿಗೆ ಹಚ್ಚಿದ ಎಣ್ಣೆ ಒರೆಸಲು ಇಪ್ಪತ್ತು ನಿಮಿಷ ಓಡಿಸುತ್ತೇನೆ, ಅಷ್ಟೇ. ಮಸಿ ಮೊದಲೇ ನೀರಲ್ಲಿ ಹೋಗಿರುತ್ತದೆ. ಹೊಸ ದಿಂಡಿನ ಪುಡಿ ಹಾಕಿ ಆರು ತಿಂಗಳಾಯಿತು, ಇನ್ನೂ ಹಳದಿಯಾಗೇ ಇದೆ.