ಕೋವಿಡ್ ವಾರ್ಡಿನ ಕಾರ್ಟಿಸಾಲ್ ವರದಿಯನ್ನು ನಾವು ಓದುವ ಬಗೆ

ಕೋವಿಡ್‌ನಿಂದ ದಾಖಲಾದವರ ಕಾರ್ಟಿಸಾಲ್ (ಒತ್ತಡದಲ್ಲಿ ದೇಹವೇ ಹೆಚ್ಚಿಸುವ ಸ್ಟಿರಾಯ್ಡ್ ಹಾರ್ಮೋನ್) ವರದಿ ಬಂದಾಗ ನಾವು ಮೊದಲು ತೆರೆಯುವುದು ಡ್ರಗ್ ಚಾರ್ಟನ್ನು. ಡೆಕ್ಸಾಮೆಥಾಸೋನ್ (ಡೆಕ್ಸಾ) ಎಂಬ ಸ್ಟಿರಾಯ್ಡ್ ಔಷಧಿಯ ಮೊದಲ ಡೋಸ್ ಎಷ್ಟು ಗಂಟೆಗೆ ಹೋಯಿತು, ರಕ್ತ ಎಷ್ಟು ಗಂಟೆಗೆ ಎಳೆದರು, ಇವೆರಡೂ ತಿಳಿಯುವವರೆಗೆ ಆ ಅಂಕಿಗೆ ಅರ್ಥವಿಲ್ಲ. ಡೆಕ್ಸಾ ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ (ಕಾರ್ಟಿಸಾಲ್ ತಯಾರಿಸೆಂದು ಅಡ್ರಿನಲ್ ಗ್ರಂಥಿಗೆ ಹೇಳುವ ಹಾರ್ಮೋನ್) ಕಡಿಮೆ ಮಾಡುತ್ತದೆ, ಅಡ್ರಿನಲ್ ತೆಪ್ಪಗಾಗುತ್ತದೆ. ಆಮೇಲೆ ವರದಿಯಲ್ಲಿ ಬರುವ 2 ಮೈಕ್ರೋಗ್ರಾಂ ಎಂಬ ಅಂಕಿ, ಔಷಧಿ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ರೋಗಿಯ ದೇಹ ಎಷ್ಟು ಒತ್ತಡದಲ್ಲಿದೆ ಎಂಬುದು ಅದರಲ್ಲಿ ಸಿಗುವುದಿಲ್ಲ.

ಈ ಪರೀಕ್ಷೆಗೆ ಬೆಲೆ ಬಂದದ್ದು 2020ರ ಮೊದಲ ಅಲೆಯಲ್ಲಿ, ಲಂಡನ್ನಿನ ಮೂರು ಆಸ್ಪತ್ರೆಗಳ ಅಧ್ಯಯನದಿಂದ. ಅಲ್ಲಿ 403 ಕೋವಿಡ್ ರೋಗಿಗಳ ಕಾರ್ಟಿಸಾಲ್ ಅನ್ನು ದಾಖಲಾದ 48 ಗಂಟೆಯೊಳಗೆ ಅಳೆದಿದ್ದರು. ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ) ಲೀಟರಿಗೆ 619 ನ್ಯಾನೋಮೋಲ್. ಕೋವಿಡ್ ಇಲ್ಲದವರಲ್ಲಿ 519. 744ಕ್ಕಿಂತ ಮೇಲಿದ್ದವರ ಬದುಕುಳಿಯುವಿಕೆಯ ಮಧ್ಯಾಂಕ 15 ದಿನ, ಕೆಳಗಿದ್ದವರದು 36 ದಿನ. ನಮ್ಮ ಲ್ಯಾಬುಗಳು ಡೆಸಿಲೀಟರಿಗೆ ಮೈಕ್ರೋಗ್ರಾಂನಲ್ಲಿ ವರದಿ ಕೊಡುತ್ತವೆ. ನ್ಯಾನೋಮೋಲ್ ಅಂಕಿಯನ್ನು 27.6ರಿಂದ ಭಾಗಿಸಿದರೆ 744 ಎಂದರೆ ಸುಮಾರು 27. ಆದರೆ ಆ ರೋಗಿಗಳೆಲ್ಲ ಡೆಕ್ಸಾ ಬಳಕೆಗೆ ಬರುವ ಮುಂಚಿನವರು. 2020ರ ಜೂನ್‌ನಲ್ಲಿ ಕೋವಿಡ್ ಔಷಧಿಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂದ ಮೇಲೆ ಆಕ್ಸಿಜನ್ ಬೇಕಾದವರಿಗೆಲ್ಲ ದಿನಕ್ಕೆ 6 ಮಿಲಿಗ್ರಾಂನಂತೆ 10 ದಿನದವರೆಗೆ ಡೆಕ್ಸಾ ಕೊಡುವುದು ರೂಢಿಯಾಯಿತು. ಹಾಗಾಗಿ 27 ಎಂಬ ಗೆರೆಯನ್ನು ಸ್ಟಿರಾಯ್ಡ್ ಆರಂಭವಾದವರ ಮೇಲೆ ಎಳೆಯುವಂತಿಲ್ಲ.

ಆದ್ದರಿಂದ ಕಾರ್ಟಿಸಾಲ್ ಬೇಕೆಂದಿದ್ದರೆ ದಾಖಲಾತಿಯ ಮೊದಲ ಚುಚ್ಚಿನಲ್ಲೇ, ಡೆಕ್ಸಾಗೆ ಮುನ್ನ, ಉರಿಯೂತದ ಪರೀಕ್ಷೆಗಳ ಜೊತೆಗೇ ತೆಗೆಯುತ್ತೇವೆ. ಮೊದಲು ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬು ಡಿ-ಡೈಮರ್‌ಗೆ (ರಕ್ತ ಹೆಪ್ಪುಗಟ್ಟುವಿಕೆಯ ಗುರುತು), ಆಮೇಲೆ ಹಳದಿ ಮುಚ್ಚಳದ ಜೆಲ್ ಟ್ಯೂಬು ಕಾರ್ಟಿಸಾಲ್, ಜೊತೆಗೆ ಉರಿಯೂತದ ಗುರುತುಗಳಾದ ಸಿಆರ್‌ಪಿ, ಫೆರಿಟಿನ್, ಐಎಲ್-6ಗೆ, ನೇರಳೆಯದು ರಕ್ತಕಣಗಳ ಎಣಿಕೆಗೆ, ಕೊನೆಗೆ ಬೂದು ಬಣ್ಣದ್ದು ಸಕ್ಕರೆಗೆ. ನೀಲಿ ಟ್ಯೂಬು ಗೆರೆ ಮುಟ್ಟಲೇಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕ ತಪ್ಪಿದರೆ ವರದಿಯೂ ತಪ್ಪುತ್ತದೆ. ಆದರೂ ಸ್ಯಾಂಪಲ್‌ಗಾಗಿ ಡೆಕ್ಸಾ ತಡಮಾಡುವುದಿಲ್ಲ. ಆಕ್ಸಿಜನ್ ಇಳಿಯುತ್ತಿದ್ದರೆ ಔಷಧಿ ಮೊದಲು, ಪರೀಕ್ಷೆ ಹೋದರೆ ಹೋಗಲಿ.

ಕಾರ್ಟಿಸಾಲ್ ಸೀರಮ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಐಎಲ್-6 ಹಾಗಲ್ಲ. ಪಿಪಿಇ ತೊಟ್ಟವರು ಇಡೀ ವಾರ್ಡಿನ ಸ್ಯಾಂಪಲ್ ಮುಗಿಸಿ ಒಟ್ಟಿಗೇ ಹೊರಗೆ ಕಳಿಸುವ ಪದ್ಧತಿಯಲ್ಲಿ ಮೊದಲ ಟ್ಯೂಬು ಗಂಟೆಗಟ್ಟಲೆ ಟ್ರೇಯಲ್ಲೇ ಕೂತಿರುತ್ತದೆ. ಐಎಲ್-6 ಪರೀಕ್ಷೆ ಬೇಕಾದವರ ರಕ್ತವನ್ನು ಕೊನೆಗೆ ಎಳೆದು, ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿಸುವುದು ಸುಲಭದ ದಾರಿ. ಇನ್ನೊಂದು ವಿಷಯ: ಬಾರ್‌ಕೋಡ್ ಮೇಲಿನ ಸಮಯ ಸಾಮಾನ್ಯವಾಗಿ ಲೇಬಲ್ ಪ್ರಿಂಟ್ ಆದ ಸಮಯ. ರಕ್ತ ಎಳೆದ ಸಮಯವನ್ನು ಸಿಸ್ಟರ್ ಪೆನ್ನಿನಲ್ಲಿ ಟ್ಯೂಬಿನ ಮೇಲೇ ಬರೆದರೆ ಮಾತ್ರ ನಂಬುತ್ತೇವೆ.

ಸಮಯ ಏಕೆ ಮುಖ್ಯವೆಂದರೆ, ಬೆಳಿಗ್ಗೆ 8ಕ್ಕೆ 5ರಿಂದ 25 ಮೈಕ್ರೋಗ್ರಾಂ ಇರುವ ಕಾರ್ಟಿಸಾಲ್ ನಡುರಾತ್ರಿಗೆ ತಳ ಮುಟ್ಟುತ್ತದೆ. ಐಸಿಯು ರೋಗಿಯಲ್ಲಿ ಈ ಏರಿಳಿತ ಬಹುಮಟ್ಟಿಗೆ ಮಾಯವಾಗಿರುತ್ತದೆ, ಯಾವ ಹೊತ್ತಿನಲ್ಲಿ ತೆಗೆದರೂ ಸರಿ. ಸಾಮಾನ್ಯ ವಾರ್ಡಿನಲ್ಲಿ ಗೆಲುವಾಗಿರುವವರಲ್ಲಿ ಏರಿಳಿತ ಉಳಿದಿರುತ್ತದೆ. ರಾತ್ರಿ 9ರ 6 ಮೈಕ್ರೋಗ್ರಾಂ ನೋಡಿ ಅಡ್ರಿನಲ್ ಸೋತಿದೆ ಎಂದು ಗಾಬರಿಪಡಬೇಕಿಲ್ಲ.

ಅಂಕಿಯನ್ನು ಕೆಡಿಸುವ ಔಷಧಿಗಳಿಗೆ ಒಂದು ಪಟ್ಟಿಯನ್ನೇ ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. ಹೈಡ್ರೋಕಾರ್ಟಿಸೋನ್ ಎಂದರೆ ಕಾರ್ಟಿಸಾಲೇ, ನೇರವಾಗಿ ಅಳತೆಗೆ ಸೇರುತ್ತದೆ. ಪ್ರೆಡ್ನಿಸೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಹಲವು ಕಿಟ್‌ಗಳಲ್ಲಿ ಕಾರ್ಟಿಸಾಲ್‌ನ ವೇಷದಲ್ಲಿ ಸಿಕ್ಕಿಬೀಳುತ್ತವೆ. ಎಷ್ಟು ಎಂಬುದು ಕಿಟ್‌ನ ಕೈಪಿಡಿಯ ಕೋಷ್ಟಕದಲ್ಲಿರುತ್ತದೆ. ಮನೆಯಲ್ಲೇ ಇದೇ ಔಷಧಿಗಳ ಮಾತ್ರೆಗಳಾದ ವೈಸೊಲೋನ್ ಅಥವಾ ಮೆಡ್ರಾಲ್ ನುಂಗಿ ಬಂದವರು ಅದನ್ನು ಸ್ಟಿರಾಯ್ಡ್ ಎಂದು ಹೇಳುವುದಿಲ್ಲ, ‘ಕೆಮ್ಮಿನ ಮಾತ್ರೆ’ ಎನ್ನುತ್ತಾರೆ. ಖಾಲಿ ಸ್ಟ್ರಿಪ್ ತರಿಸಿ ನೋಡುವುದೇ ಮೇಲು. ವೆಂಟಿಲೇಟರ್‌ಗಾಗಿ ಗಂಟಲಿಗೆ ಟ್ಯೂಬು ಹಾಕುವಾಗ ಕೊಟ್ಟ ಎಟೊಮಿಡೇಟ್ ಎಂಬ ಅರಿವಳಿಕೆಯ ಒಂದೇ ಡೋಸ್ ಕಾರ್ಟಿಸಾಲ್ ತಯಾರಿಯನ್ನು ಒಂದು ದಿನದ ಮಟ್ಟಿಗೆ ತಡೆಯಬಲ್ಲದು. ಗರ್ಭನಿರೋಧಕ ಮಾತ್ರೆ ಕಾರ್ಟಿಸಾಲ್ ಹೊತ್ತೊಯ್ಯುವ ಪ್ರೋಟೀನನ್ನು ಹೆಚ್ಚಿಸಿ ಅಂಕಿಯನ್ನು ಉಬ್ಬಿಸುತ್ತದೆ. ಕೂದಲಿಗೆಂದು ತಿನ್ನುವ 5, 10 ಮಿಲಿಗ್ರಾಂ ಬಯೋಟಿನ್ ಕೆಲವು ಯಂತ್ರಗಳಲ್ಲಿ ಕಾರ್ಟಿಸಾಲ್ ಅನ್ನು ಸುಳ್ಳಾಗಿ ಏರಿಸಿ, ಅದೇ ಟ್ಯೂಬಿನ ಐಎಲ್-6 ಅನ್ನು ಸುಳ್ಳಾಗಿ ಇಳಿಸುತ್ತದೆ. ಕೊನೆಯ ಮಾತ್ರೆಯಿಂದ ಕನಿಷ್ಠ 8 ಗಂಟೆ ಬಿಟ್ಟು ರಕ್ತ ತೆಗೆಯಬೇಕು.

ರಕ್ತದ ಪ್ರೋಟೀನಾದ ಆಲ್ಬುಮಿನ್ ನೋಡದೆ ಕಡಿಮೆ ಕಾರ್ಟಿಸಾಲ್‌ಗೆ ಹೆಸರಿಡುವುದಿಲ್ಲ. ರಕ್ತದ ಕಾರ್ಟಿಸಾಲ್‌ನಲ್ಲಿ ಸುಮಾರು ನೂರಕ್ಕೆ 90ಕ್ಕೂ ಮೇಲ್ಪಟ್ಟು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಬಿಡಿಯಾಗಿರುವ ಸ್ವಲ್ಪವೇ. ಉರಿಯೂತ ಜೋರಾದಾಗ ಆ ಪ್ರೋಟೀನುಗಳು ಕುಸಿಯುತ್ತವೆ, ಜೊತೆಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಲಾಸ್ಟೇಸ್ ಕಿಣ್ವ ಅವನ್ನು ಕತ್ತರಿಸಿ ಕಾರ್ಟಿಸಾಲ್ ಅನ್ನು ಉರಿಯೂತವಿದ್ದಲ್ಲೇ ಬಿಡಿಸುತ್ತದೆ. ಆಲ್ಬುಮಿನ್ 2.2 ಇರುವವರಲ್ಲಿ ಒಟ್ಟು ಕಾರ್ಟಿಸಾಲ್ 13 ಬಂದರೂ ಬಿಡಿ ಕಾರ್ಟಿಸಾಲ್ ಸಾಕಷ್ಟಿರಬಹುದು.

ಹೆಚ್ಚು ಬಂದ ಅಂಕಿಗೂ ಇಂಥದೇ ಎಚ್ಚರ ಬೇಕು. 35 ಬಂದಿದೆ, ದೇಹದಲ್ಲೇ ಇಷ್ಟು ಸ್ಟಿರಾಯ್ಡ್ ಇರುವಾಗ ಮತ್ತೆ ಡೆಕ್ಸಾ ಯಾಕೆ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಐಎಲ್-6 ಮಿದುಳಿನ ಹೈಪೊಥಲಾಮಸ್ಸನ್ನು ಕೆರಳಿಸಿ ಕಾರ್ಟಿಸಾಲ್ ಏರಿಸುತ್ತದೆ. ತೀವ್ರ ಕಾಯಿಲೆಯಲ್ಲಿ ಯಕೃತ್ತು, ಮೂತ್ರಪಿಂಡ ಅದನ್ನು ಕರಗಿಸುವುದೂ ನಿಧಾನವಾಗುತ್ತದೆ. ಅಂಕಿ ಏರಿದ್ದಕ್ಕೆ ಇಷ್ಟು ಕಾರಣವಿದ್ದರೂ ಜೀವಕೋಶದ ಗ್ರಾಹಕಗಳು (ರಿಸೆಪ್ಟರ್) ಅದಕ್ಕೆ ಸರಿಯಾಗಿ ಸ್ಪಂದಿಸದೇ ಇರಬಹುದು. ರಿಕವರಿಯಲ್ಲಿ ವೆಂಟಿಲೇಟರ್ ಮೇಲಿದ್ದವರ 28 ದಿನದ ಸಾವಿನ ಪ್ರಮಾಣ ನೂರಕ್ಕೆ 41.4ರಿಂದ 29.3ಕ್ಕೆ, ಆಕ್ಸಿಜನ್ ಮೇಲಿದ್ದವರದು 26.2ರಿಂದ 23.3ಕ್ಕೆ ಇಳಿಯಿತು, ಆಕ್ಸಿಜನ್ ಬೇಡದವರಲ್ಲಿ ಲಾಭವೇ ಕಾಣಲಿಲ್ಲ. ಡೆಕ್ಸಾ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಆಕ್ಸಿಜನ್. ಕಾರ್ಟಿಸಾಲ್‌ಗೆ ಆ ಅಧಿಕಾರ ಕೊಡುವುದಿಲ್ಲ.

ಸಿಆರ್‌ಪಿ ಓದುವಾಗ ಮೊದಲು ಯೂನಿಟ್. ಒಂದು ಲ್ಯಾಬು ಲೀಟರಿಗೆ, ಇನ್ನೊಂದು ಡೆಸಿಲೀಟರಿಗೆ ಬರೆಯುತ್ತದೆ, 9.2 ಎಂಬುದು 92 ಆಗಿರಬಹುದು. ಐಎಲ್-6ನ ಗ್ರಾಹಕವನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಔಷಧಿಗೆ ರಿಕವರಿಯವರು ಇಟ್ಟ ಮಿತಿ ಲೀಟರಿಗೆ 75 ಮಿಲಿಗ್ರಾಂ, ಜೊತೆಗೆ ಆಕ್ಸಿಜನ್ ಕೊರತೆ. ಆ ಔಷಧಿ ಕೊಟ್ಟ ಮೇಲೆ ಸಿಆರ್‌ಪಿಯನ್ನು ಮರೆತುಬಿಡಬೇಕು: ಯಕೃತ್ತು ಅದನ್ನು ತಯಾರಿಸುವುದೇ ಐಎಲ್-6ನ ಸಂಕೇತದಿಂದ, ಆ ದಾರಿಯೇ ಮುಚ್ಚಿರುವಾಗ ಬ್ಯಾಕ್ಟೀರಿಯಾ ಸೋಂಕು ತಗುಲಿದರೂ ಸಿಆರ್‌ಪಿ ಏಳುವುದಿಲ್ಲ. ಐಎಲ್-6 ಮಾತ್ರ ಗ್ರಾಹಕ ಸಿಗದೆ ರಕ್ತದಲ್ಲೇ ಸೇರಿ ಮೇಲೇರುತ್ತದೆ. ಅದು ರೋಗ ಉಲ್ಬಣದ ಗುರುತಲ್ಲ. ಡೆಕ್ಸಾದಿಂದ ನ್ಯೂಟ್ರೋಫಿಲ್ ಏರಿ, ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಲಿಂಫೋಸೈಟ್ ಇಳಿಯುವುದರಿಂದ ಅವೆರಡರ ಅನುಪಾತವನ್ನೂ ಮೊದಲ ಸ್ಯಾಂಪಲ್‌ನಲ್ಲಷ್ಟೇ ನಂಬಬಹುದು.

ವಾರಗಟ್ಟಲೆ ಸ್ಟಿರಾಯ್ಡ್ ತಗೊಂಡು ಮನೆಗೆ ಹೋದವರು ಸುಸ್ತು, ವಾಕರಿಕೆ, ಎದ್ದು ನಿಂತರೆ ತಲೆಸುತ್ತು ಎಂದು ಬಂದರೆ ಕಾರ್ಟಿಸಾಲ್ ಮತ್ತೆ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ 8ಕ್ಕೆ, ಹಿಂದಿನ ದಿನದ ಹೈಡ್ರೋಕಾರ್ಟಿಸೋನ್ ಡೋಸ್ ಆಗಿ 24 ಗಂಟೆಯಾದ ಮೇಲೆ ತೆಗೆಯುತ್ತೇವೆ. 3ಕ್ಕಿಂತ ಕಡಿಮೆ ಇದ್ದರೆ ಅಡ್ರಿನಲ್ ಇನ್ನೂ ಎದ್ದಿಲ್ಲ. 15 ದಾಟಿದರೆ ಚಿಂತೆಯಿಲ್ಲ. ನಡುವೆ ಇದ್ದರೆ ಎಸಿಟಿಎಚ್ 25 ಯೂನಿಟ್ ಸ್ನಾಯುವಿಗೆ ಚುಚ್ಚಿ, 60 ನಿಮಿಷಕ್ಕೆ ಮತ್ತೊಂದು ಸ್ಯಾಂಪಲ್; 18 ದಾಟಬೇಕು. ಮಿಲೀಗೆ 60 ಯೂನಿಟ್‌ನ ವಯಲ್ ಆದರೆ 25 ಯೂನಿಟ್ ಎಂದರೆ 0.42 ಮಿಲೀ. ಇದನ್ನು ಮಿಲೀಗೆ 40 ಯೂನಿಟ್‌ನ ಇನ್ಸುಲಿನ್ ಸಿರಿಂಜಿನಲ್ಲಿ ‘25’ರ ಗೆರೆವರೆಗೆ ಎಳೆದರೆ ಒಂದೂವರೆ ಪಟ್ಟು ಡೋಸ್ ಹೋಗುತ್ತದೆ, ಅದರ ಸೂಜಿಯೂ ಸ್ನಾಯು ಮುಟ್ಟುವುದಿಲ್ಲ. 1 ಮಿಲೀ ಸಿರಿಂಜು, ಉದ್ದ ಸೂಜಿ ಬಳಸಬೇಕು.