ಊರೂರಿನ ನೀರು, ಒಂದೇ ರೇಜರ್

ಒಂದೇ ಬ್ಲೇಡ್ ಹಾಕುವ ಹಳೆಯ ಮಾದರಿಯ ಸೇಫ್ಟಿ ರೇಜರ್ ಬಳಸುತ್ತೇನೆ ಎಂದರೆ ಜನ ಮೊದಲು ಕೇಳುವುದು ಯಾವ ಬ್ಲೇಡ್ ಎಂದು. ಸೆವೆನ್ ಓ ಕ್ಲಾಕೋ, ಟೋಪಾಜೋ, ಜಪಾನಿನ ಫೆದರೋ? ನಿಮ್ಮ ಮನೆಯ ನಲ್ಲಿಗೆ ಬರುವುದು ಯಾವ ನೀರು ಎಂದು ನಾನು ತಿರುಗಿ ಕೇಳುತ್ತೇನೆ. ಹಾರಿಕೆಯ ಮಾತಲ್ಲ ಇದು. ಬ್ಯಾಂಕಿನ ನೌಕರಿಯಲ್ಲಿ ಕೆಲವು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿಕೊಂಡು ಬಯಲುಸೀಮೆ, ಮಲೆನಾಡು, ಕರಾವಳಿ ಸುತ್ತಿದವನು ನಾನು. ಶೇವಿಂಗ್‌ನ ಸುಖ ಇರುವುದು ನೊರೆಯಲ್ಲಿ, ನೊರೆಯ ಹಣೆಬರಹ ಇರುವುದು ನೀರಿನಲ್ಲಿ ಎಂಬುದು ಆ ಅಲೆದಾಟದಲ್ಲಿ ಗಟ್ಟಿಯಾದ ಅಭಿಪ್ರಾಯ.

ಈ ಹಾದಿಗೆ ನನ್ನನ್ನು ತಂದದ್ದು ಹಳೆಯದರ ಮೇಲಿನ ಮೋಹವಲ್ಲ, ಕುತ್ತಿಗೆಯ ಗುಳ್ಳೆಗಳು. ಮೂರು, ಐದು ಅಲಗಿನ ಕಾರ್ಟ್ರಿಜ್ ರೇಜರ್‌ನಲ್ಲಿ ಮುಂದಿನ ಅಲಗು ಕೂದಲನ್ನು ಎಳೆದು ಎತ್ತಿದರೆ ಹಿಂದಿನದು ಇನ್ನೂ ಕೆಳಗೆ ಕತ್ತರಿಸುತ್ತದೆ. ತುಂಡಾದ ತುದಿ ಚರ್ಮದೊಳಕ್ಕೆ ಸರಿಯುತ್ತದೆ. ಗುಂಗುರು ಕೂದಲಿನವರಿಗೆ ಅದು ಮರಳಿ ಬೆಳೆಯುವಾಗ ಹೊರಬರುವ ದಾರಿ ತಪ್ಪಿ ಒಳಗೇ ಸುರುಳಿ ಸುತ್ತಿ ಬಾವು ಬರಿಸುತ್ತದೆ. ಮುಲಾಮು ಬರೆದುಕೊಟ್ಟ ಚರ್ಮವೈದ್ಯರು ಕೊನೆಗೆ ಒಂದೇ ಅಲಗಿಗೆ ಹೋಗಿ ಎಂದರು. ಹಾಗೆ ಕೊಂಡದ್ದು ಭಾರತದಲ್ಲೇ ತಯಾರಾದ, ಮೂರು ಭಾಗಗಳಾಗಿ ಬಿಚ್ಚುವ ಹಿತ್ತಾಳೆ ರೇಜರ್. ಅಮೆರಿಕದ ಉದ್ಯಮಿ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ತತ್ತ್ವವೇ ಇದರಲ್ಲೂ ಇದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ಉಕ್ಕಿನ ಹಾಳೆಯನ್ನು ಎರಡು ಫಲಕಗಳ ನಡುವೆ ಬಿಗಿದು ಬಾಗಿಸುತ್ತಾರೆ. ಬಾಗಿದ ಮೇಲೆ ಅದಕ್ಕೆ ಬಿಗುವು ಬರುತ್ತದೆ.

ರೇಜರ್ ಹಿಡಿಯುವುದು ಬೇಗ ಕೈಗೆ ಕೂತಿತು. ನೊರೆ ಮಾತ್ರ ಸತಾಯಿಸಿತು. ಆಗ ನಾನಿದ್ದದ್ದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಕೊಳವೆಬಾವಿಯ ನೀರಿನ ಊರಿನಲ್ಲಿ. ಎಷ್ಟು ತಿರುಗಿಸಿದರೂ ಬ್ರಷ್ಷಿನಲ್ಲಿ ಬೆಳ್ಳಗೆ ಏನೋ ಏಳುತ್ತಿತ್ತು, ಕೆನ್ನೆಗೆ ಹಚ್ಚುವಷ್ಟರಲ್ಲಿ ಒಣಗಿ ಹೋಗುತ್ತಿತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದೊಂದಿಗೆ ಸೇರಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ಬಕೆಟ್ಟಿನ ಒಳಮೈಗೆ ಕಟ್ಟುವ ಬಿಳಿ ಪದರ ಅದೇ. ಸೋಪಿನ ಒಂದು ಪಾಲು ಹೀಗೆ ಜಿಡ್ಡಾಗಿ ಹೋದ ಮೇಲೆ ಉಳಿದದ್ದು ಮಾತ್ರ ನೊರೆಯಾಗಬೇಕು. ಕುದಿಸಿದರೆ ಗಡಸುತನದ ಒಂದು ಭಾಗ ತಳಕ್ಕೆ ಇಳಿಯುತ್ತದೆ, ಸಲ್ಫೇಟ್, ಕ್ಲೋರೈಡ್‌ಗಳಿಂದ ಬಂದದ್ದು ಕುದಿಸಿದರೂ ಹೋಗುವುದಿಲ್ಲ.

ಇದಕ್ಕೆ ಉಪಾಯ ಹೇಳಿದವರು ನಮ್ಮ ಶಾಖೆಯ ಎದುರಿನ ಕ್ಷೌರದಂಗಡಿಯ ಹಿರಿಯರು. "ಸೋಪು ಜಾಸ್ತಿ ತಿರುಗಿಸಿ ಸಾರ್, ನೀರನ್ನು ತೊಟ್ಟು ತೊಟ್ಟಾಗಿ ಬಿಡಿ. ಅದೂ ಕುಡಿಯುವ ನೀರು" ಎಂದರು. ಅವರ ಕನ್ನಡಿಯ ಕೆಳಗೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ಇತ್ತು. ನೊರೆಗೆ ಆ ನೀರು, ತೊಳೆಯಲು ನಲ್ಲಿಯ ನೀರು. ಒಂದು ಶೇವಿಂಗ್‌ನ ನೊರೆಗೆ ಬೇಕಾಗುವ ನೀರು ಅರ್ಧ ಲೋಟವೂ ಅಲ್ಲ. ಮರುದಿನ ನಾನೂ ಹಾಗೇ ಮಾಡಿದೆ. ಗಟ್ಟಿ ಮೊಸರಿನ ಹದಕ್ಕೆ, ಹೊಳಪಿನೊಂದಿಗೆ ನೊರೆ ನಿಂತಿತು.

ಸ್ನಾನದ ಸೋಪಿನಿಂದ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗಂಧದ ಪರಿಮಳದ ಆಸೆಗೆ ಮೈಸೂರು ಸ್ಯಾಂಡಲ್ ಹಚ್ಚಿ ನೋಡಿದ್ದೇನೆ. ಪರಿಮಳಕ್ಕೆ ಸಾಟಿಯಿಲ್ಲ, ಆದರೆ ನೊರೆಯ ಗುಳ್ಳೆ ದೊಡ್ಡದು, ಆಯುಸ್ಸು ಕಡಿಮೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೆಚ್ಚಿರುತ್ತದೆ, ಪೊಟ್ಯಾಸಿಯಂ ಕ್ಷಾರವೂ ಸೇರಿರುತ್ತದೆ. ಅದರ ನೊರೆ ಸಣ್ಣಗೆ, ದಟ್ಟವಾಗಿ, ಕೆಲಸ ಮುಗಿಯುವವರೆಗೆ ಕೆನ್ನೆ ಬಿಡದೆ ನಿಲ್ಲುತ್ತದೆ.

ಮುಂದಿನ ವರ್ಗಾವಣೆ ಮಲೆನಾಡಿನ ಸಾಗರ ಊರಿಗೆ. ಮನೆಯ ಹಿತ್ತಲಲ್ಲೇ ತೆರೆದ ಬಾವಿ. ಅಲ್ಲಿ ಕಷ್ಟ ತಿರುಗುಮುರುಗಾಯಿತು. ಹಳೆಯ ಅಳತೆಯಲ್ಲಿ ಸೋಪು ಉಜ್ಜಿದರೆ ನೊರೆ ಬಟ್ಟಲು ದಾಟಿ ಮೊಣಕೈಗೆ ಇಳಿಯುತ್ತಿತ್ತು. ಸೋಪು ಅರ್ಧಕ್ಕಿಂತ ಕಡಿಮೆಯಾಯಿತು, ಮುಖ ನುಣುಪಾಯಿತು, ನಾನು ಸುಖಿಯಾದೆ. ಮಳೆಗಾಲ ಬಂದಾಗ ತೊಂದರೆ ಬೇರೆ ಕಡೆಯಿಂದ ಬಂತು. ಹಂದಿಕೂದಲಿನ ಬ್ರಷ್ ಜುಲೈ ತಿಂಗಳಿಡೀ ಒಣಗಲೇ ಇಲ್ಲ. ಬುಡದಲ್ಲಿ ಬೂಷ್ಟು ಹಿಡಿದು ವಾಸನೆ ಬಂತು. ಅಡುಗೆಮನೆಯ ಒಲೆಯ ಬಳಿ ನೇತುಹಾಕಲು ಹೆಂಡತಿ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಅಂದಿನಿಂದ ಕೃತಕ ನೂಲಿನ ಬ್ರಷ್ಷೇ ಗತಿ. ಜಾಡಿಸಿ ಕೊಡವಿದರೆ ಬೇಗ ಒಣಗುತ್ತದೆ, ನೆನೆಹಾಕುವ ಕೆಲಸವಿಲ್ಲ. ಪ್ರಾಣಿಕೂದಲಿನ ಬ್ರಷ್ಷೇ ಶ್ರೇಷ್ಠ ಎನ್ನುವವರು ಒಂದು ಮಳೆಗಾಲ ಮಲೆನಾಡಿನಲ್ಲಿ ಕಳೆದು ಬರಲಿ. ಕರಾವಳಿಯ ಬಾವಿನೀರೂ ಮೆದುವೇ. ಅಲ್ಲಿ ಎಷ್ಟು ತೊಳೆದರೂ ಸೋಪು ಹೋಗಿಲ್ಲವೇನೋ ಎನ್ನಿಸುವ ಜಾರು ಉಳಿಯುತ್ತದೆ, ಅಷ್ಟೇ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕಾವೇರಿ ನೀರು ಬಂದ ದಿನ ಒಂದು ಹದ, ಟ್ಯಾಂಕರ್ ಬಂದ ದಿನ ಇನ್ನೊಂದು. ಕಾವಲುಗಾರ ಹೇಳುವ ಮೊದಲೇ ನನ್ನ ಬ್ರಷ್ ಹೇಳುತ್ತದೆ.

ಕ್ರಮ ಹೀಗೆ. ಮೊದಲು ಸ್ನಾನ. ನೀರು ಹೀರಿದ ಕೂದಲು ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾಗುವ ಬಲ ಬಹಳ ಇಳಿಯುತ್ತದೆ. ಅದಕ್ಕೆ ಎರಡು ಮೂರು ನಿಮಿಷವಾದರೂ ನೆನೆಯಬೇಕು. ಬ್ರಷ್ಷನ್ನು ಸೋಪಿನ ಮೇಲೆ ತಿರುಗಿಸಿ ನೇರ ಕೆನ್ನೆಯ ಮೇಲೆಯೇ ನೊರೆ ಎಬ್ಬಿಸುತ್ತೇನೆ. ಬಟ್ಟಲು ಬೇಕೇ ಬೇಕೆಂದಿಲ್ಲ. ಬ್ರಷ್ ತಿರುಗುವಾಗ ಮಲಗಿದ ಕೂದಲು ಎದ್ದು ನಿಲ್ಲುತ್ತದೆ. ಬಾಗಿದ ಕೂದಲು ಬ್ಲೇಡಿಗೂ ಒಳ್ಳೆಯದಲ್ಲ. 2020ರಲ್ಲಿ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಸಂಶೋಧಕರು ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಕಟಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿದ್ದರೂ, ಬಾಗಿ ಒತ್ತಿದಾಗ ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಅಂಚಿನಿಂದ ಸಣ್ಣ ಚೂರು ಎಗರುತ್ತದಂತೆ. ಬ್ಲೇಡ್ ಮೊಂಡಾಗುವುದು ಬರೀ ಸವೆದಲ್ಲ.

ರೇಜರನ್ನು ಹಿಡಿಯ ತುದಿಯಲ್ಲಿ ಹಿಡಿದು, ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಇಳಿಬಿಡುತ್ತೇನೆ. ಒತ್ತುವುದಿಲ್ಲ, ಲೋಹದ ತೂಕವೇ ಸಾಕು. ಶೇವ್ ಮಾಡುವಾಗ ಫ್ಯಾನ್, ರೇಡಿಯೊ ಎಲ್ಲ ಬಂದ್. ಕಿವಿಗೂ ಇಲ್ಲಿ ಕೆಲಸವಿದೆ. ಓರೆ ಸರಿಯಿದ್ದರೆ ಗರಗರ ಎಂಬ ಸದ್ದು ಒಂದೇ ಸಮ ಕೇಳಿಸುತ್ತದೆ, ತಪ್ಪಿದರೆ ಅಡಗುತ್ತದೆ. ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೆ, ಮತ್ತೆ ನೊರೆ, ಎರಡನೆಯದು ಅಡ್ಡಲಾಗಿ. ಎದುರು ದಿಕ್ಕಿನ ಮೂರನೆಯ ಸುತ್ತು ನನ್ನ ಕುತ್ತಿಗೆಗೆ ಆಗಿಬರುವುದಿಲ್ಲ, ಬಿಟ್ಟಿದ್ದೇನೆ. ನನ್ನ ಎಡದವಡೆಯ ಕೆಳಗೆ ಕೂದಲು ಕಿವಿಯ ಕಡೆಗೆ ಬೆಳೆಯುತ್ತದೆ, ಗಂಟಲ ಉಬ್ಬಿನ ಬಳಿ ಸುಳಿಯಿದೆ. ಇಷ್ಟು ವರ್ಷ ಹೊತ್ತು ತಿರುಗಿದ ಮುಖದ ಈ ನಕ್ಷೆ ಬೆರಳಿಗೆ ಸಿಕ್ಕಿದ್ದು ಒಂದೇ ಅಲಗು ಹಿಡಿದ ಮೇಲೆ.

ಮಂಗಳವಾರ, ಶುಕ್ರವಾರ ಕ್ಷೌರ ಕೂಡದು ಎಂದು ಅಮ್ಮ ಮೊದಲಿನಿಂದಲೂ ಹೇಳುತ್ತಿದ್ದರು. ಕಚೇರಿಯ ನೆಪ ಹೇಳಿ ಆಗ ಕೇಳಲಿಲ್ಲ. ಈಗ ಪಾಲಿಸುತ್ತೇನೆ. ಭಕ್ತಿ ಹೆಚ್ಚಾಯಿತೆಂದಲ್ಲ, ವಾರಕ್ಕೆ ಎರಡು ದಿನ ಚರ್ಮಕ್ಕೆ ಬಿಡುವು ಸಿಗುತ್ತದೆ. ಬುಧವಾರದ ಶೇವ್ ವಾರದಲ್ಲೇ ಉತ್ತಮ. ಅಮ್ಮನಿಗೆ ಕಾರಣ ಹೇಳಿಲ್ಲ, ಅವರು ಸಂತೋಷವಾಗಿದ್ದಾರೆ.

ದುಡ್ಡು ಉಳಿಯುತ್ತದೆಯೇ? ಬ್ಲೇಡಿಗೆ ಕೆಲವೇ ರೂಪಾಯಿ, ಕಾರ್ಟ್ರಿಜ್ ಬೆಲೆ ಅದರ ಹತ್ತಾರು ಪಟ್ಟು. ಸೋಪುಗಳ ಮೋಹಕ್ಕೆ ಬೀಳದಿದ್ದರೆ ಉಳಿಯುತ್ತದೆ. ನನ್ನ ಕಪಾಟನ್ನು ಲೆಕ್ಕಪರಿಶೋಧನೆಗೆ ಒಡ್ಡಲಾರೆ.

ಹೊಸ ಊರಿಗೆ ಹೋದ ರಾತ್ರಿ ಎಲ್ಲವೂ ಪೆಟ್ಟಿಗೆಯಲ್ಲಿರುತ್ತಿತ್ತು, ಮಕ್ಕಳು ಹಳೆಯ ಶಾಲೆಯ ನೆನಪಿಗೆ ಮುಖ ಊದಿಸಿಕೊಂಡಿರುತ್ತಿದ್ದರು, ಶಾಖೆಯಲ್ಲಿ ಯಾರ ಹೆಸರೂ ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಆ ಊರಿನ ನೀರಿಗೆ ನೊರೆ ಹದಗೊಳಿಸುವುದೇ ನಾನು ಅಲ್ಲಿ ಬಗೆಹರಿಸುತ್ತಿದ್ದ ಮೊದಲ ಸಮಸ್ಯೆ. ಅದು ಕೂಡಿಬಂದ ದಿನ ಶಾಖೆಗೆ ಬೇರೆ ಹೆಜ್ಜೆಯಲ್ಲಿ ನಡೆದಿದ್ದೇನೆ.

ಕೊನೆಗೆ ತಣ್ಣೀರು, ಅದರ ಮೇಲೆ ಪಟಿಕದ ಕಲ್ಲು. ಕದಡಿದ ನೀರು ತಿಳಿಯಾಗಲು ಹಳ್ಳಿಯಲ್ಲಿ ಕೊಡಕ್ಕೆ ಆಡಿಸುತ್ತಿದ್ದ ಅದೇ ಪಟಿಕ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ಎಲ್ಲಿ ಒತ್ತಿ ಎಳೆದಿದ್ದೇನೆಂದು ಉರಿಸಿ ತೋರಿಸುವುದೂ ಅದೇ. ಹಳೆಯ ಬ್ಲೇಡನ್ನು ಎಂದೂ ಕಸದ ಬುಟ್ಟಿಗೆ ಹಾಕಬೇಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಕೊಯ್ಯುತ್ತದೆ. ಮುಚ್ಚಳ ಸೀಳಿದ ಒಂದು ತಗಡಿನ ಡಬ್ಬಿ ಇಟ್ಟುಕೊಂಡಿದ್ದೇನೆ. ತುಂಬಿದ ಮೇಲೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ದಪ್ಪಕ್ಷರದಲ್ಲಿ ಬರೆದು ಗುಜರಿ ಅಂಗಡಿಗೆ ಕೊಡುತ್ತೇನೆ. ಉಕ್ಕಲ್ಲವೇ, ತೂಕಕ್ಕೆ ಹಾಕಿಕೊಳ್ಳುತ್ತಾರೆ.