ಗೋಧಿ, ಹಾಲು, ಸೋಯಾ ಬಿಟ್ಟ ಮನೆಗೆ ಒಂದೇ ಒಲೆಯ ಅಡುಗೆ

ಮೊಮ್ಮಗಳಿಗೆ ಏಳು ವರ್ಷವಾಗಿದ್ದಾಗ ಡಾಕ್ಟರು ಗೋಧಿ, ಹಾಲು, ಸೋಯಾ ಮೂರನ್ನೂ ನಿಲ್ಲಿಸಿ ಎಂದರು. ವಿಜಯಪುರದ ಕಡೆಯ ನನ್ನ ಸೊಸೆ ಅಡುಗೆಕಟ್ಟೆಗೆ ಒರಗಿ ನಿಂತು "ಇನ್ನೇನ್ ಮಾಡಿ ಹಾಕ್ಲಿರಿ ಅತ್ತೇರ?" ಎಂದು ಕಣ್ಣೀರು ಹಾಕಿದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿಪಟೂರಿನ ಹತ್ತಿರದ ನಮ್ಮಜ್ಜಿಯ ಮನೆಯಲ್ಲಿ ವಾರವಿಡೀ ಏನೇನು ಬೇಯುತ್ತಿತ್ತು ಅಂತ ನೆನಪು ಮಾಡಿಕೊಂಡು ಹೇಳುತ್ತಾ ಹೋದೆ. ಮುದ್ದೆ, ಬಸ್ಸಾರು, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುರುಳಿಕಾಳಿನ ಸಾರು, ಒತ್ತುಶಾವಿಗೆ. ಗೋಧಿ ಹಬ್ಬಕ್ಕೆ ಬರುವ ನೆಂಟ. ಸೋಯಾ ಅವರೆಯ ಹೆಸರನ್ನೇ ಅಜ್ಜಿ ಕೇಳಿರಲಿಲ್ಲ. ಹಾಗೆ ನೋಡಿದರೆ ನಮಗೆ ಬಿಡಲು ಕಷ್ಟವಾಗಿದ್ದು ಮೊಸರೊಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಗೋಧಿ ಆಗುತ್ತಿಲ್ಲ ಅಂತ ಅನುಮಾನ ಬಂದ ಕೂಡಲೇ ನೀವೇ ಚಪಾತಿ ನಿಲ್ಲಿಸಬೇಡಿ. ಗೋಧಿಯ ಅಂಟು ಕರುಳಿಗೆ ಹಾನಿ ಮಾಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸುವಾಗ ಗೋಧಿ ಊಟದಲ್ಲಿ ಇರಲೇಬೇಕು, ಇಲ್ಲದಿದ್ದರೆ ಕಾಯಿಲೆ ಇದ್ದೂ ಕಾಣದೆ ಹೋಗಬಹುದು. ಹಾಲಿನದೂ ಹಾಗೆಯೇ, ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ಹಾಲು ಅರಗದೆ ಹೊಟ್ಟೆ ಉಬ್ಬರಿಸುವುದು ಬೇರೆ, ಹಾಲಿನ ಪ್ರೋಟೀನಿಗೇ ಅಲರ್ಜಿ ಆಗುವುದು ಬೇರೆ. ಅಲರ್ಜಿ ಇದ್ದವರಿಗೆ ತುಪ್ಪವೂ ಬೇಡ. ತುಪ್ಪ ಎಷ್ಟೇ ತಿಳಿಯಾಗಿದ್ದರೂ ಹಾಲಿನ ಅಂಶ ಚೂರು ಉಳಿದಿರುತ್ತದೆ.

ನಾನು ಎಡವಿದ್ದು ಗಿರಣಿಯಲ್ಲಿ. ಅಪ್ಪಟ ರಾಗಿ, ಅಪ್ಪಟ ಜೋಳವನ್ನೇ ಕೊಡುತ್ತಿದ್ದರೂ ಮಗುವಿನ ಹೊಟ್ಟೆನೋವು ಹೋಗಲಿಲ್ಲ. ಒಂದು ದಿನ ಗಿರಣಿಯಲ್ಲಿ ನಿಂತು ನೋಡಿದಾಗ ಗೊತ್ತಾಯಿತು, ನಮ್ಮ ರಾಗಿಗಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಬೀಸಿದ್ದರು. ಗೋಧಿಯ ಆ ಅಂಟಿಗೇ ಗ್ಲುಟೆನ್ ಅನ್ನುತ್ತಾರೆ. ಗ್ಲುಟೆನ್ ಫ್ರೀ ಎಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬುದು ನಮ್ಮ ದೇಶದ ನಿಯಮ. ಗಿರಣಿಯ ಕಲ್ಲಿಗೆ ಅಂಟಿದ ಹಿಟ್ಟು ಅದಕ್ಕಿಂತ ಎಷ್ಟೋ ಹೆಚ್ಚು. ಈಗ ರಾಗಿಯನ್ನು ತೊಳೆದು, ಒಣಗಿಸಿ, ಕಲ್ಲು ಆರಿಸಿ ಮನೆಯಲ್ಲಿ ಇಟ್ಟುಕೊಂಡ ಸಣ್ಣ ಗಿರಣಿಯಲ್ಲೇ ಬೀಸುತ್ತೇವೆ. ಅದಿಲ್ಲದವರು ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ ಜರಡಿ ಹಿಡಿಯಬಹುದು. ಆ ಜರಡಿಯೂ ಹೊಸದಾಗಿರಲಿ. ಗೋಧಿಹಿಟ್ಟು ಜಾಲಿಸಿದ ಜರಡಿಯ ಕಣ್ಣನ್ನು ಎಷ್ಟು ತೊಳೆದರೂ ನಂಬುವಂತಿಲ್ಲ. ಮರದ ಚಪಾತಿ ಮಣೆ, ಲಟ್ಟಣಿಗೆಗಳೂ ಅಷ್ಟೇ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ.

ಇನ್ನೊಂದು ಕಳ್ಳ ಇಂಗು. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಅಥವಾ ಗೋಧಿಹಿಟ್ಟು ಬೆರೆತಿರುತ್ತದೆ. ಅಕ್ಕಿಹಿಟ್ಟು ಬೆರೆಸಿದ್ದು ಸಿಗುತ್ತದೆ, ಡಬ್ಬಿಯ ಹಿಂದೆ ಓದಿ ಕೊಳ್ಳಿ. ಇಲ್ಲವೆಂದರೆ ಒಗ್ಗರಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ರವೆ ಗೋಧಿಯದೇ ಅನ್ನುವುದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ. ಉಪ್ಪಿಟ್ಟು, ರವೆ ಇಡ್ಲಿ, ಮದ್ದೂರು ವಡೆ, ನಿಪ್ಪಟ್ಟು ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ಸೋಯಾ ಅಂದರೆ ಮೀಲ್ ಮೇಕರ್ ಒಂದೇ ಅಲ್ಲ, ಮಲ್ಟಿಗ್ರೇನ್ ಹಿಟ್ಟು, ಬೇಕರಿ ಬಿಸ್ಕತ್ತು, ಚಾಕೊಲೇಟುಗಳಲ್ಲೂ ಇರುತ್ತದೆ. ಸೋಯಾ ಸಾಸಿನಲ್ಲಂತೂ ಗೋಧಿಯೂ ಸೇರಿರುವುದು ಹೆಚ್ಚು, ಗೋಬಿ ಮಂಚೂರಿಯನ್ನು ಮರೆತುಬಿಡಿ.

ಜೋಳದ ರೊಟ್ಟಿಯನ್ನು ನಾನು ಕಲಿತದ್ದು ಸೊಸೆಯಿಂದ, ಅರವತ್ತು ದಾಟಿದ ಮೇಲೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಅದಕ್ಕೇ ತಣ್ಣೀರಿಗೆ ಕಲಸಿದರೆ ಬಿರಿಯುತ್ತದೆ. ಕುದಿಯುವ ಎಸರು ಹಾಕಿದಾಗ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಒಂದು ರೊಟ್ಟಿಗಾಗುವಷ್ಟನ್ನೇ ತೆಗೆದುಕೊಂಡು ಅಂಗೈಯ ಬುಡದಿಂದ ಚೆನ್ನಾಗಿ ನಾದಿ, ಬಡಿದು, ಕಾದ ಹಂಚಿನ ಮೇಲೆ ಹಾಕಿ ಮೇಲ್ಮೈಗೆ ನೀರು ಸವರಬೇಕು. ನೀರು ಆರುವ ಮುಂಚೆಯೇ ತಿರುವಬಾರದು. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಎಷ್ಟು ನಾದಿದರೂ ಅಂಚು ಸೀಳುತ್ತದೆ. ಆದ್ದರಿಂದ ವಾರಕ್ಕಾಗುವಷ್ಟೇ ಬೀಸಿ. ಜೊತೆಗೆ ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆ. ತುಪ್ಪದ ಬದಲು ಗಾಣದ ಕುಸುಬೆಎಣ್ಣೆ. ನೀರುದೋಸೆ, ಕಡುಬು, ಇಡ್ಲಿಗಳ ಬಗ್ಗೆ ನಾನು ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

ಹಾಲಿನ ಜಾಗಕ್ಕೆ ಕಾಯಿಹಾಲು ಬಂತು. ತುರಿದ ಕಾಯಿಗೆ ಬಿಸಿನೀರು ಹಾಕಿ ರುಬ್ಬಿ ಹಿಂಡಿದ ಮೊದಲ ಹಾಲನ್ನು ಪಕ್ಕಕ್ಕಿಡಿ. ಎರಡನೆಯ ತೆಳು ಹಾಲಿನಲ್ಲಿ ಬೇಯಿಸಿ, ಒಲೆ ಆರಿಸಿದ ಮೇಲೆ ಗಟ್ಟಿಹಾಲು ಸೇರಿಸಿ. ಕುದಿಸಿದರೆ ಒಡೆಯುತ್ತದೆ. ಗಸಗಸೆ ಪಾಯಸವಾಗಲಿ, ಹೆಸರುಬೇಳೆ ಪಾಯಸವಾಗಲಿ ಇದರಲ್ಲೇ ರುಚಿ. ಸೊಸೆಯ ತವರಿನಲ್ಲಿ ಕುಸುಬೆಯನ್ನು ನೆನೆಸಿ ರುಬ್ಬಿ ಹಾಲು ತೆಗೆದು ಹುಗ್ಗಿ ಮಾಡುತ್ತಾರೆ. ಗೋಧಿಯ ಬದಲು ನವಣಕ್ಕಿ ಹಾಕಿ ಮಾಡಿ ನೋಡಿದೆವು, ಬಟ್ಟಲು ನೆಕ್ಕುವಷ್ಟು ಚೆನ್ನಾಗಿತ್ತು. ಯುಗಾದಿಗೆ ಹೋಳಿಗೆಯ ಹೂರಣವನ್ನೇ ಉಕ್ಕರಿಸಿದ ಅಕ್ಕಿಹಿಟ್ಟಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸುತ್ತೇನೆ. ಮನೆಮಂದಿಗೆಲ್ಲಾ ಅದೇ. ಅವಳಿಗೊಂದು ತಟ್ಟೆ, ನಮಗೊಂದು ತಟ್ಟೆ ಅಂತ ಬೇರೆ ಮಾಡಿದರೆ ಮಗು ಪಕ್ಕದ ಎಲೆಯನ್ನೇ ನೋಡುತ್ತಾ ಕೂರುತ್ತದೆ, ನಾನದನ್ನು ಒಮ್ಮೆ ಕಂಡಿದ್ದೇನೆ.

ಮಕ್ಕಳ ಮೂಳೆಯ ಚಿಂತೆಯೂ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಎಳ್ಳಿನಲ್ಲಿ ಅದಕ್ಕಿಂತಲೂ ಹೆಚ್ಚು. ದಿನವೂ ಒಂದು ಎಳ್ಳುಂಡೆ, ವಾರಕ್ಕೆರಡು ಸಲ ನುಗ್ಗೆಸೊಪ್ಪು ತಪ್ಪಿಸುವುದಿಲ್ಲ. ಆದರೆ ಮಾಂಸ, ಮೊಟ್ಟೆ ತಿನ್ನದ ಮನೆಯಲ್ಲಿ ಹಾಲೂ ನಿಂತರೆ ಬಿ12 ವಿಟಮಿನ್ ಸಿಗುವ ದಾರಿ ಮುಚ್ಚುತ್ತದೆ. ಅದಕ್ಕೆ ಡಾಕ್ಟರು ಬರೆದುಕೊಟ್ಟ ಮಾತ್ರೆಯೇ ಸರಿ.

ಇನ್ನು ಮೊಸರು. ಮಜ್ಜಿಗೆ ಅನ್ನ ಉಣ್ಣದೆ ಊಟ ಮುಗಿಯಿತು ಅನ್ನಿಸುವುದೇ ಇಲ್ಲ, ಮೊಮ್ಮಗಳು ಕೈ ತೊಳೆಯದೆ ಸುಮ್ಮನೆ ಕುಳಿತಿರುತ್ತಿದ್ದಳು. ನಿಂಬೆಹುಳಿ ಹಿಂಡಿದೆ, ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಎರಡು. ಒಂದು ಕರಾವಳಿಯ ಕ್ರಮ. ಒಣ ಪುನರ್ಪುಳಿ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಆ ಕೆಂಪು ನೀರಿಗೆ ಗಟ್ಟಿ ಕಾಯಿಹಾಲು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು ಸೇರಿಸಿ ಅನ್ನಕ್ಕೆ ಕಲಸುವುದು. ಇನ್ನೊಂದು ನಮ್ಮಜ್ಜಿಯ ತಂಗಳನ್ನ. ರಾತ್ರಿ ಮಿಕ್ಕ ಅನ್ನ ಆರಿದ ಕೂಡಲೇ ಮುಳುಗುವಷ್ಟು ನೀರು ಹಾಕಿ ಮಣ್ಣಿನ ಪಾತ್ರೆಯಲ್ಲಿ ಮುಚ್ಚಿಡಿ. ಬೆಳಿಗ್ಗೆಗೆ ಎಳೆಹುಳಿ ಬಂದಿರುತ್ತದೆ. ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ, ಕರಿಬೇವು ಹಾಕಿ ಕೈಯಲ್ಲೇ ಕಿವುಚಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗನೆ ಉಂಡುಬಿಡಬೇಕು, ಲೋಳೆ ಬಂದರೆ ಚೆಲ್ಲಿ. ಅವಳು ಅದನ್ನು ಈಗಲೂ "ಅಜ್ಜಿ ಮೊಸರನ್ನ" ಎಂದೇ ಕರೆಯುತ್ತಾಳೆ.